ಯಾರು ಅಡ್ಮಿಟ್ ಆಗ್ಯಾರ?

ನಮ್ಮ ದಾವಣಗೆರೆಯಲ್ಲಿ ಸ್ಟೀಲ್ ಕ್ಯಾರಿಯರ್ ಹಿಡಿದು ಬೀದಿಗಿಳಿದರೆ ಎದುರಿಗೆ ಸಿಕ್ಕವರು ಕೇಳುವುದು ಒಂದೇ ಪ್ರಶ್ನೆ. "ಯಾರು ಅಡ್ಮಿಟ್ ಆಗ್ಯಾರ?" ಊರ ತುಂಬ ಆಸ್ಪತ್ರೆಗಳು. ಹರಿಹರ, ಹರಪನಹಳ್ಳಿ, ಜಗಳೂರು ಕಡೆಯವರೂ ಹುಷಾರು ತಪ್ಪಿದರೆ ಇಲ್ಲಿಗೇ ಬರುತ್ತಾರೆ. ಹಾಗಾಗಿ ಕ್ಯಾರಿಯರ್ ಅಂದರೆ ವಾರ್ಡು, ಗಂಜಿ, ಗ್ಲೂಕೋಸ್ ಬಾಟಲಿ. ದೋಸೆ ತರೋಕೆ ಯಾರಾದರೂ ಕ್ಯಾರಿಯರ್ ಒಯ್ಯುತ್ತಾರಾ?

ನಾನು ಒಯ್ದೆ. ಅದಕ್ಕೆ ಕಾರಣ ಚಟ್ನಿ ಗಂಟು.

ಬೆಣ್ಣೆ ದೋಸೆ ಪಾರ್ಸೆಲ್ ಹೇಳಿದರೆ ದೋಸೆಯೇನೋ ಬಾಳೆ ಎಲೆಯ ಮೇಲೆ ಮಲಗಿ ಮರ್ಯಾದೆಯಿಂದ ಬರುತ್ತದೆ. ಚಟ್ನಿ ಮತ್ತು ಆಲೂಗಡ್ಡೆ ಪಲ್ಯಕ್ಕೆ ಮಾತ್ರ ತೆಳು ಕವರ್. ಕಟ್ಟುವ ಹುಡುಗನ ಕೈಚಳಕ ನೋಡಬೇಕು. ಒಂದು ಸೌಟು ಚಟ್ನಿ ಬಿಡುತ್ತಾನೆ, ಬಾಯಿ ಹಿಡಿದು ಗಿರ್ರನೆ ತಿರುಗಿಸುತ್ತಾನೆ, ದಾರ ನಾಲ್ಕು ಸುತ್ತು ಸುತ್ತಿ ಟಕ್ಕನೆ ಹರಿಯುತ್ತಾನೆ. ಎಲ್ಲ ಎರಡೇ ಸೆಕೆಂಡು. ಅದನ್ನು ಮನೆಯಲ್ಲಿ ಬಿಚ್ಚುವುದಿದೆಯಲ್ಲ, ಅದು ಬೇರೆಯೇ ಕಥೆ. ಮೊದಲು ಉಗುರು, ಆಮೇಲೆ ಹಲ್ಲು, ಕೊನೆಗೆ ಕತ್ತರಿ. ಅಷ್ಟರಲ್ಲಿ ದೋಸೆಯ ಮೇಲಿನ ಬೆಣ್ಣೆ ಹೆಪ್ಪುಗಟ್ಟಿರುತ್ತದೆ. ಕವರಿನ ಎರಡು ಮೂಲೆಯಲ್ಲಿ ಸಿಕ್ಕಿಕೊಂಡ ಚಟ್ನಿ ಯಾರ ಬಾಯಿಗೂ ಇಲ್ಲ. ಒಂದು ಭಾನುವಾರ ಎಣಿಸಿದೆ. ಐದು ದೋಸೆಗೆ ಹತ್ತು ಕವರ್. ಹೋಟೆಲಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಆ ಹತ್ತೂ ಕವರ್ ಹುಟ್ಟಿದ್ದೇ ಆ ಹತ್ತು ನಿಮಿಷಕ್ಕೆ.

ಕಾನೂನು ಇಲ್ಲ ಅಂತೇನಿಲ್ಲ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧವಾಯಿತು. ಆಮೇಲೆ ಕೇಂದ್ರದವರು 2021ರಲ್ಲಿ 75 ಮೈಕ್ರಾನ್‌ಗಿಂತ ತೆಳುವಾದ ಚೀಲ ಕೂಡದು ಅಂದರು. 2022ರ ಕೊನೆಗೆ ಅದು 120 ಮೈಕ್ರಾನ್ ಆಯಿತು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಅದನ್ನು ಯಾವ ಕಣ್ಣಿಂದ ಅಳೆಯಬೇಕೋ!

ಮೈಕ್ರಾನಿಗಿಂತ ನನಗೆ ನಂಬಿಕೆ ನಮ್ಮ ಬೀದಿಗೆ ಬರುವ ಗುಜರಿಯವನ ಬೆರಳುಗಳ ಮೇಲೆ. ತೊಳೆದು ಒಣಗಿಸಿದ ಹಾಲಿನ ಕವರ್ ಕೊಟ್ಟರೆ ಖುಷಿಯಿಂದ ತಕ್ಕಡಿಗೆ ಹಾಕುತ್ತಾನೆ. ಚಿಪ್ಸ್ ಪ್ಯಾಕೆಟ್ ಕೊಟ್ಟರೆ ಒಮ್ಮೆ ಚರಚರ ಅನ್ನಿಸಿ ವಾಪಸ್ ನಮ್ಮ ಕೈಗೇ ಇಡುತ್ತಾನೆ. "ಇದು ಯಾರೂ ತಗಳಲ್ಲ ಸಾರ್." ಒಳಗೆ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದೇ ತೊಂದರೆ. ಪ್ಲಾಸ್ಟಿಕ್ಕಿಗೆ ಅಲ್ಯುಮಿನಿಯಂ ಪದರ ಅಂಟಿರುತ್ತದೆ. ಬಿಡಿಸಲು ಆಗದು, ಕರಗಿಸಿ ಇನ್ನೊಂದು ಮಾಡಲೂ ಕಷ್ಟ. ಒಳಗಿರುವುದು ಹಿಡಿಯಷ್ಟು ಚಿಪ್ಸ್, ಉಳಿದದ್ದು ಗಾಳಿ.

ಗಾಳಿಯಷ್ಟೇ ಹಗುರವಾದ ತಿಂಡಿ ನಮ್ಮೂರಲ್ಲೂ ಇದೆ. ಮಂಡಕ್ಕಿ. ಭಟ್ಟಿಯಿಂದ ಬಂದ ಮಂಡಕ್ಕಿ ಚೀಲ ಆಳೆತ್ತರ ಇದ್ದರೂ ಸಣ್ಣ ಹುಡುಗ ಹೊತ್ತು ಓಡಬಹುದು. ನಾನು ಚಿಕ್ಕವನಿದ್ದಾಗ ಅವ್ವ ಹಳೇ ದಿಂಬಿನ ಕವರ್ ಒಗೆದು ಕೊಟ್ಟು ಮಂಡಕ್ಕಿ ತರಲು ಕಳಿಸುತ್ತಿದ್ದಳು. ಅಂಗಡಿಯವನು ಸೇರಿನಲ್ಲಿ ಅಳೆದು ಸುರಿಯುತ್ತಿದ್ದ. ಬರುವಾಗ ದಿಂಬೇ ಹೊತ್ತು ಬಂದ ಹಾಗೆ. ದಾರಿಯಲ್ಲಿ ಒಂದು ಮೂಲೆಯಿಂದ ಕೈ ಹಾಕಿ ತಿಂದರೆ ದಿಂಬು ಸ್ವಲ್ಪ ಸೊರಗುತ್ತಿತ್ತು, ಅಷ್ಟೆ. ಮನೆಗೆ ಬಂದ ಕೂಡಲೇ ಅವ್ವ ಡಬ್ಬಿಗೆ ತುಂಬಿ ಮುಚ್ಚಳ ಒತ್ತುತ್ತಿದ್ದಳು. ಗಾಳಿ ಆಡಿದರೆ ಮಂಡಕ್ಕಿ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಗರಿಗರಿ ಉಳಿಯುತ್ತದೆ ಅನ್ನುವುದು ಸುಳ್ಳಲ್ಲ, ಅದನ್ನೂ ಒಪ್ಪಬೇಕು. ಹಳೇದೆಲ್ಲ ಒಳ್ಳೇದು ಅಂತಲೂ ಅಲ್ಲ. ಮೆಣಸಿನಕಾಯಿ ಬಜ್ಜಿಯನ್ನು ನ್ಯೂಸ್ ಪೇಪರಿನಲ್ಲಿ ಕಟ್ಟಿಸಿಕೊಂಡು, ಎಣ್ಣೆಯಲ್ಲಿ ನೆನೆದ ಸುದ್ದಿ ಓದುತ್ತಾ ತಿಂದವರು ನಾವು. ಆ ಶಾಯಿ ಹೊಟ್ಟೆಗೆ ಒಳ್ಳೇದಲ್ಲ ಅಂತ ಆಹಾರ ಸುರಕ್ಷತೆಯವರು ಈಗ ಎಚ್ಚರಿಸುತ್ತಾರೆ.

ಆದರೆ ಒಂದು ಮಾತು ನನಗೆ ನಗು ತರಿಸುತ್ತದೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಇಲ್ಲಿ ಕೂತು ನಾನು ಒಂದು ಬಟ್ಟೆ ಚೀಲಕ್ಕೆ ಮನೆಯೆಲ್ಲ ಹುಡುಕುತ್ತೇನೆ! ಸಿಕ್ಕರೆ ಮದುವೆಯಲ್ಲಿ ತಾಂಬೂಲಕ್ಕೆ ಕೊಟ್ಟದ್ದು. ಎರಡು ತೆಂಗಿನಕಾಯಿ ಹಾಕಿದರೆ ಹಿಡಿ ಕಿತ್ತು ಬರುತ್ತದೆ. ತೆಂಗಿನಕಾಯಿ ಅಂದೆ ನೋಡಿ, ಮೊನ್ನೆ ಒಂದು ದೊಡ್ಡ ಅಂಗಡಿಯಲ್ಲಿ ಅದಕ್ಕೂ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರು. ದೇವರು ಅಷ್ಟು ಗಟ್ಟಿ ಚಿಪ್ಪು ಕೊಟ್ಟದ್ದು ಸಾಲದು ಅಂತ ಕಾಣುತ್ತದೆ.

ಸರಿ, ಕ್ಯಾರಿಯರ್‌ಗೆ ಬರೋಣ. ಮೂರು ತಟ್ಟೆಯದ್ದು. ಕೆಳಗೆ ಪಲ್ಯ, ನಡುವೆ ಚಟ್ನಿ, ಮೇಲೆ ಮಡಿಸಿದ ದೋಸೆ ಅಂತ ನನ್ನ ಲೆಕ್ಕ. ಮೊದಲ ದಿನ ಕೌಂಟರಿನ ಮೇಲೆ ಇಟ್ಟಾಗ ಹೋಟೆಲಿನ ಯಜಮಾನರ ಮುಖ ಸಣ್ಣದಾಯಿತು.

"ಯಾರು ಅಡ್ಮಿಟ್ ಆಗ್ಯಾರ ಸಾರ್?"

ಪ್ಲಾಸ್ಟಿಕ್, ಮೈಕ್ರಾನ್, ಗುಜರಿ ಅಂತ ಶುರು ಮಾಡಬೇಕಿತ್ತು. ಹಿಂದೆ ಎಂಟು ಜನ ಟೋಕನ್ ಹಿಡಿದು ನಿಂತಿದ್ದರು. ಸುಮ್ನೆ "ಮನೆಯವರಿಗೆ" ಅಂದುಬಿಟ್ಟೆ. ಸುಳ್ಳಂತೂ ಅಲ್ಲವಲ್ಲ. ಅವರು ತಲೆಯಾಡಿಸಿ, ಒಳಗಿನ ಹುಡುಗನಿಗೆ ಕೂಗಿ ಹೇಳಿದರು: "ಏ, ಆಸ್ಪತ್ರೆ ಪಾರ್ಸೆಲ್, ಮೊದಲು ಕಳಿಸೋ. ಚಟ್ನಿ ಖಾರ ಇಲ್ಲದ್ದು ಹಾಕು, ಜಾಸ್ತಿ ಹಾಕು." ಎಂಟು ಜನವೂ ಮರುಮಾತಿಲ್ಲದೆ ದಾರಿ ಬಿಟ್ಟರು.

ಮನೆಯಲ್ಲಿ ಹೆಂಡತಿಗೆ ಹೇಳಿದರೆ, "ರೀ, ನನ್ನನ್ನೇ ಮಲಗಿಸಿ ಬಂದ್ರಾ?" ಅಂತ ಬೈದಳು. ದೋಸೆ ಇನ್ನೂ ಬಿಸಿ ಇತ್ತು, ಹಾಗಾಗಿ ಬೈಗುಳ ಬೇಗ ಮುಗಿಯಿತು.

ಮುಂದಿನ ಭಾನುವಾರ ಮತ್ತೆ ಹೋದೆ. ಯಜಮಾನರು ದೂರದಿಂದಲೇ ಕ್ಯಾರಿಯರ್ ನೋಡಿದರು.

"ಇನ್ನೂ ಡಿಸ್ಚಾರ್ಜ್ ಆಗಿಲ್ವಾ ಸಾರ್?"

ಸಾಲು ನೋಡಿದೆ. ಹದಿನೈದು ಜನ ಇದ್ದರು.

"ಇನ್ನೂ ಇಲ್ಲ" ಅಂದೆ.