ಮೂರನೇ ಸಿಲಿಂಡರಿನ ಮೇಲೊಂದು ಅಪವಾದ

ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ, ಅಂದರೆ ಕಂಪ್ರೆಷನ್, ಅಳೆದರೆ ಒಂದು, ಎರಡು, ನಾಲ್ಕನೇ ಸಿಲಿಂಡರಿನಲ್ಲಿ 160ರ ಆಸುಪಾಸು. ಮೂರರಲ್ಲಿ ಮಾತ್ರ 110 ಪಿಎಸ್‌ಐ. ಅಷ್ಟು ಸಾಕು, ‘ಹೆಡ್ (ಎಂಜಿನ್ನಿನ ಮೇಲ್ಮುಚ್ಚಳ) ಬಿಚ್ಚಲೇಬೇಕು’ ಅಂತ ತೀರ್ಪು ಬಂದೇಬಿಡುತ್ತದೆ. ಸಂಶಯ ಬಂದು ಮತ್ತೆ ಅಳೆದರೆ ಮೂರನೆಯದು 160ಕ್ಕೆ ಏರಿದೆ, ಮೊದಲನೆಯದು 115ಕ್ಕೆ ಕುಸಿದಿದೆ! ಪಿಸ್ಟನ್ ಸುತ್ತಲಿನ ಸವೆದ ರಿಂಗು ವರ್ಗಾವಣೆ ಆದೇಶ ಹಿಡಿದು ಪಕ್ಕದ ಸಿಲಿಂಡರಿಗೆ ಹೋಗುವುದುಂಟೆ?

ಕಂಪ್ರೆಷನ್ ಗೇಜಿನಲ್ಲಿ ತಲೆಕೆಡುವಂಥದ್ದು ಏನೂ ಇಲ್ಲ. ಎಂಜಿನ್ ಬಿಸಿ ಇರಬೇಕು, ಬ್ಯಾಟರಿ ಗಟ್ಟಿ ಇರಬೇಕು. ಪ್ಲಗ್ಗುಗಳನ್ನೆಲ್ಲ ತೆಗೆದು, ಕಾಯಿಲ್ ಕನೆಕ್ಟರ್ ಕಳಚಿ, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಡಬೇಕು. ಪ್ಲಗ್ಗಿನ ತೂತಿಗೆ ಗೇಜ್ ತಿರುಗಿಸಿ ಕೂರಿಸಿ, ರೇಸ್ ಪೆಡಲ್ ಪೂರ್ತಿ ಒತ್ತಿಟ್ಟು, ಮುಳ್ಳು ಐದಾರು ಸಲ ಜಿಗಿಯುವಷ್ಟು ಹೊತ್ತು ಸೆಲ್ಫ್ ಹೊಡೆದರೆ ಆಯಿತು.

ಸೆಲ್ಫ್ ಹೊಡೆಯಲು ಸೀಟಿನಲ್ಲಿ ಸಹಾಯಕ ಕೂತಿದ್ದಾನಲ್ಲ, ಎಡವಟ್ಟೆಲ್ಲ ಅಲ್ಲಿ.

‘ಹೊಡಿ’ ಅಂದರೆ ಹೊಡೆಯುತ್ತಾನೆ. ಮೊದಲ ಸಿಲಿಂಡರಿಗೆ ಭಕ್ತಿಯಿಂದ ಪೆಡಲ್ ಒತ್ತಿರುತ್ತಾನೆ. ಎರಡನೆಯದಕ್ಕೂ ಪರವಾಗಿಲ್ಲ. ಮೂರನೆಯದಕ್ಕೆ ಕುತೂಹಲ ತಡೆಯುವುದಿಲ್ಲ. ‘ಅಣ್ಣಾ, ಎಷ್ಟು ಬಂತು?’ ಎನ್ನುತ್ತ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾನೆ. ತಲೆ ಹೊರಗೆ ಬಂದಷ್ಟು ಕಾಲು ಮೇಲೆ ಬರುತ್ತದೆ. ಗಾಳಿಯ ಬಾಗಿಲಾದ ಥ್ರಾಟಲ್ ಮುಚ್ಚಿ ಗಾಳಿಯೇ ಒಳಗೆ ಹೋಗದ ಮೇಲೆ ಪಿಸ್ಟನ್ ಒತ್ತುವುದಾದರೂ ಏನನ್ನು? ‘ಕಾಲು ತೆಗೀಬೇಡ್ವೋ’ ಎಂದು ಕೂಗಿದರೆ ಗಾಬರಿಯಲ್ಲಿ ಕೀಲಿಯನ್ನೇ ಬಿಟ್ಟುಬಿಡುತ್ತಾನೆ. ಎರಡೇ ಜಿಗಿತಕ್ಕೆ ಮುಳ್ಳು ನಿಂತಿತು. ಚೀಟಿಯಲ್ಲಿ ಬರೆದುಕೊಂಡ ನಾಲ್ಕು ಅಂಕಿಗಳು ಎಂಜಿನ್ನಿನದ್ದಲ್ಲ, ಅವನ ಕುತೂಹಲದ್ದು.

ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಸಿಕ್ಕಿಸಿದರೆ ಈ ಗೋಳು ತಪ್ಪುತ್ತದೆ. ಕೋಲಿಗೆ ನೋಡುವ ಆಸೆ ಇರುವುದಿಲ್ಲ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಅದರ ಪ್ಲೇಟ್ ನಿಜಕ್ಕೂ ತೆರೆದಿದೆಯೇ ಅಂತ ಇಣುಕಿ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟಾದ ಮೇಲೂ ಒಂದು ಸಿಲಿಂಡರ್ ಕಮ್ಮಿ ತೋರಿಸಿದರೆ ಅದರೊಳಗೆ ಒಂದು ಚಮಚ, ಅಂದರೆ 5 ಮಿಲಿ, ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಏರಿದರೆ ರಿಂಗಿನ ತಕರಾರು. ಜಗ್ಗದಿದ್ದರೆ ವಾಲ್ವನ್ನೋ, ಹೆಡ್ಡಿನಡಿ ಸೋರದಂತೆ ಕೂರಿಸಿದ ಹೆಡ್ ಗ್ಯಾಸ್ಕೆಟ್ಟನ್ನೋ ನೋಡಬೇಕು. ಅಕ್ಕಪಕ್ಕದ ಎರಡೂ ಬಿದ್ದಿದ್ದರೆ ಗ್ಯಾಸ್ಕೆಟ್ಟಿನ ಮೇಲೇ ಗುಮಾನಿ. ನಿಜ ಹೇಳಬೇಕೆಂದರೆ ಕೊನೆಯ ಅಂಕಿಗಿಂತ ಮುಳ್ಳು ಏರುವ ರೀತಿ ಹೆಚ್ಚು ಹೇಳುತ್ತದೆ: ರಿಂಗು ಸವೆದಿದ್ದರೆ ಮೊದಲ ಜಿಗಿತ ಸಣ್ಣದು, ಆಮೇಲೆ ಮೆಲ್ಲಗೆ ಏರುತ್ತದೆ, ವಾಲ್ವ್ ಸೋರುತ್ತಿದ್ದರೆ ಏರಲು ಮನಸ್ಸೇ ಮಾಡುವುದಿಲ್ಲ. ಅದನ್ನು ನೋಡುವ ತಾಳ್ಮೆ ಯಾರಿಗಿದೆ?

ಸಹಾಯಕ ಅಂದರೆ ಜೇಮ್ಸ್ ವಾಟ್‌ಗೆ ಸಿಕ್ಕವನು. 1796ರ ಸುಮಾರಿಗೆ ಜಾನ್ ಸದರ್ನ್ ಉಗಿಯ ಒತ್ತಡ ತೋರಿಸುವ ಇಂಡಿಕೇಟರಿಗೆ ಪೆನ್ಸಿಲ್ಲನ್ನೂ ಸರಿಯುವ ಹಲಗೆಯನ್ನೂ ಜೋಡಿಸಿದ. ಪಿಸ್ಟನ್ನಿನ ಪ್ರತಿ ಹೊಡೆತದ ಒತ್ತಡ ಕಾಗದದ ಮೇಲೆ ಗೆರೆಯಾಗಿ ಮೂಡತೊಡಗಿತು. ಆ ಗುಟ್ಟನ್ನು ವರ್ಷಗಟ್ಟಲೆ ಹೊರಗೆ ಬಿಡಲಿಲ್ಲವಂತೆ. ಎಂಜಿನ್ನೇ ತನ್ನ ಕೈಬರಹದಲ್ಲಿ ಬರೆದುಕೊಟ್ಟ ಕಾಗದ ಹಿಡಿದು ನಿಂತವರನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ನಮ್ಮಲ್ಲಿ ಕೋಲು ಸಿಕ್ಕಿಸಿ, ಬ್ಯಾಟರಿ ಬದಲಿಸಿ ಅಳೆದರೂ ನಾಲ್ಕೂ ಒಂದೇ ಸಮ 125! ಇನ್ನೇನು ಎಂಜಿನ್ ಇಳಿಸಬೇಕು ಅನ್ನುವಾಗ ಗೇಜಿನ ಪೈಪಿನ ತುದಿ ಬಿಚ್ಚಿ ನೋಡಿದರೆ ಅಲ್ಲಿ ಕೂತಿರುವುದು ಟೈರಿನ ವಾಲ್ವ್ ಪಿನ್ನು. ನೋಡಲು ಎರಡೂ ಒಂದೇ, ಆದರೆ ಗೇಜಿನದ್ದಕ್ಕೆ ತೀರಾ ಮೆತ್ತನೆಯ ಸ್ಪ್ರಿಂಗ್ ಇರುತ್ತದೆ. ಟೈರಿನ ಗಟ್ಟಿ ಸ್ಪ್ರಿಂಗನ್ನು ತಳ್ಳುವುದರಲ್ಲೇ ಒಂದಷ್ಟು ಒತ್ತಡ ಕರಗಿಹೋಗುತ್ತದೆ.

‘ಹಳೇದು ಕಳೆದುಹೋಗಿತ್ತಣ್ಣ, ನಾನೇ ಹಾಕಿದ್ದು’ ಅನ್ನುತ್ತಾನೆ ಕಿಟಕಿಯಿಂದ.