ನಾವು ಹೆಣ್ಣಿನ ಕಡೆಯವರು

ಹೋಳಿ ಮುಗಿದು, ಶರಣಬಸವೇಶ್ವರರ ತೇರು ಎಳೆದಾದ ಮೇಲೆ ಕಲಬುರಗಿಯಲ್ಲಿ ಎರಡು ಸಂಗತಿಗಳು ಏರತೊಡಗುತ್ತವೆ: ಒಂದು ಬಿಸಿಲು, ಇನ್ನೊಂದು ಶ್ರೀಶೈಲದ ಮಾತು. ಹಳ್ಳಿಹಳ್ಳಿಗಳಿಂದ ಜನ ಮಲ್ಲಯ್ಯನ, ಅಂದರೆ ಅಲ್ಲಿನ ಮಲ್ಲಿಕಾರ್ಜುನನ, ಕಂಬಿ (ಹೆಗಲ ಮೇಲಿನ ಕಾವಡಿ) ಹೊತ್ತು ಪಾದಯಾತ್ರೆ ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಹೆಗಲ ಮೇಲೊಂದು ಟವೆಲ್ಲು, ಚೀಲದಲ್ಲೊಂದು ಜೊತೆ ಬಟ್ಟೆ, ಅಷ್ಟೇ ಅವರ ಸಿದ್ಧತೆ. ಅವರು 300 ಕಿಲೋಮೀಟರಿಗೂ ಹೆಚ್ಚು ನಡೆದು, ಆತ್ಮಕೂರು ದಾಟಿ, ವೆಂಕಟಾಪುರದ ಬಳಿ ನಲ್ಲಮಲ ಕಾಡು ಹೊಕ್ಕು, ಭೀಮನ ಕೊಳ್ಳ ಇಳಿದು ಹತ್ತಿ ಕೈಲಾಸ ದ್ವಾರ ಮುಟ್ಟುವ ಹೊತ್ತಿಗೆ, ವಾಹನದಲ್ಲಿ ಹೋಗಬೇಕಾದ ನಮ್ಮ ಮನೆಯವರು ಕಟ್ಟೆಯ ಮೇಲೆ ಕುಳಿತು ಯಾವ ದಾರಿಯಿಂದ ಹೋಗೋಣ ಎಂದು ಇನ್ನೂ ಮಾತನಾಡುತ್ತಿರುತ್ತಾರೆ.

ಇದು ಸೋಮಾರಿತನವಲ್ಲ, ಬೀಗತನ. ಶ್ರೀಶೈಲದ ಭ್ರಮರಾಂಬೆ ನಮ್ಮ ಕಡೆಯ ಮಗಳು, ಮಲ್ಲಿಕಾರ್ಜುನ ನಮ್ಮ ಅಳಿಯ ಎಂಬುದು ಈ ಭಾಗದ ನಂಬಿಕೆ. ಯುಗಾದಿಗೆ ಕನ್ನಡ ನಾಡಿನ ಜನ ಸೀರೆ, ಕುಪ್ಪಸ, ಬಳೆ, ಅರಿಸಿನ ಕುಂಕುಮ ಹಿಡಿದು ಆ ಬೆಟ್ಟ ಹತ್ತುವುದು ಭಕ್ತಿಯಿಂದ ಎಷ್ಟೋ, ತವರಿನ ಹಕ್ಕಿನಿಂದಲೂ ಅಷ್ಟೇ. 12 ಜ್ಯೋತಿರ್ಲಿಂಗಗಳಲ್ಲಿ ಒಂದು, 18 ಶಕ್ತಿಪೀಠಗಳಲ್ಲಿ ಒಂದು, ಪಂಚಪೀಠಗಳಲ್ಲೂ ಒಂದು ಎಂಬುದೆಲ್ಲ ಪುಸ್ತಕದ ಮಾತು. ನಮ್ಮ ದೊಡ್ಡವ್ವನ ಲೆಕ್ಕದಲ್ಲಿ ಅದು ಮಗಳನ್ನು ಕೊಟ್ಟ ಊರು. ಕನ್ನಡ ಮಾಸ್ತರಾಗಿ ನಿವೃತ್ತರಾದ ದೊಡ್ಡಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಡುತಡಿಯ ಅಕ್ಕಮಹಾದೇವಿಯೂ ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ಹೊರಟು ಕದಳಿವನ ಸೇರಿದ್ದನ್ನು ನೆನಪಿಸಿ, "ಎರಡು ಕಡೆಯಿಂದಲೂ ಆತ ನಮ್ಮ ಅಳಿಯನೇ" ಎಂದು ತೀರ್ಪು ಕೊಟ್ಟುಬಿಟ್ಟಿದ್ದಾರೆ.

ದೇವರ ಊರಿಗೆ ಹೋಗುವುದು ಸುಲಭ. ಅಳಿಯನ ಊರಿಗೆ ಹೋಗಲು ರೀತಿ ರಿವಾಜುಗಳಿವೆ. ಬರಿಗೈಯಲ್ಲಿ ಹೋಗಬಾರದು. ಹೊತ್ತಲ್ಲದ ಹೊತ್ತಿನಲ್ಲಿ ಹೋಗಬಾರದು. ಹೋದರೆ ಹೆಚ್ಚು ದಿನ ಉಳಿಯಬಾರದು. ಕೋಣೆ ಕಾಯ್ದಿರಿಸಲೆಂದು ನಾನು ಮೊಬೈಲ್ ತೆಗೆದರೆ ದೊಡ್ಡವ್ವ, "ಮಗಳ ಮನೆಯಲ್ಲಿ ಮಲಗಲು ಬಾಡಿಗೆ ಕೊಡುವ ಕಾಲ ಬಂತೇ?" ಎಂದಳು. ಆಧಾರ್ ಸಂಖ್ಯೆ ಬೇಕು ಎಂದಾಗ ನಮ್ಮ ಅಜ್ಜ, ಮುತ್ಯಾ, ಸಿಡಿದೆದ್ದರು. "ಮಾವನ ಕಡೆಯವರ ಗುರುತು ಕೇಳುವವನು ಎಂಥ ಅಳಿಯ?" ಎನ್ನುವುದು ಅವರ ಪ್ರಶ್ನೆ. ನಿಜವಾದ ವಿಷಯವೇನೆಂದರೆ ಅವರ ಆಧಾರ್ ಕಾರ್ಡು ಹಿಂದಿನ ಯುಗಾದಿಯಿಂದಲೂ ಸಿಕ್ಕಿರಲಿಲ್ಲ. ಕೊನೆಗೆ ಅದು ಹಳೆಯ ಪಂಚಾಂಗದೊಳಗೆ, ಆಷಾಢ ಮಾಸದ ಪುಟದಲ್ಲಿ ಸಿಕ್ಕಿತು.

ದಿನ ಗೊತ್ತುಮಾಡುವುದು ಬೇರೆಯದೇ ಪುರಾಣ. ಯುಗಾದಿಯ ನೂಕುನುಗ್ಗಲಿನಲ್ಲಿ ಸ್ಪರ್ಶ ದರ್ಶನ ನಿಲ್ಲಿಸಿ ಅಲಂಕಾರ ದರ್ಶನ ಮಾತ್ರ ಬಿಡುತ್ತಾರೆ ಎಂದು ಯಾರೋ ಹೇಳಿದರು. ಅಳಿಯನನ್ನು ದೂರದಿಂದ ನೋಡಿ ಕೈಮುಗಿದು ಬರುವುದು ಮುತ್ಯಾನಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಹಬ್ಬ ಕಳೆದ ಮೇಲೆ ಹೋಗುವುದೆಂದಾಯಿತು. ಮಂಗಳವಾರ ಬೇಡ, ಹೊಸ ಸೊಸೆ ಬಂದ ಮನೆ. ಶುಕ್ರವಾರ ಮನೆಯ ಲಕ್ಷ್ಮಿ ಹೊರಗೆ ಹೋಗಬಾರದು. ಸೋಮವಾರ ಮಲ್ಲಯ್ಯನ ವಾರ, ಜನ ಬಹಳ. ತೊಗರಿ ಅಡತಿಯ ವ್ಯವಹಾರವಿರುವ ಕಾಕಾ ಉಳಿದ ದಿನಗಳನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿದರು. ಎಲ್ಲ ವಾರಗಳೂ ಮುಗಿದ ಮೇಲೆ ಅವರೇ, "ಮಲ್ಲಯ್ಯ ಕರೆಸಿಕೊಂಡಾಗ ಹೋದರಾಯಿತು" ಎಂದು ಭಾರವನ್ನು ಬೆಟ್ಟದ ಮೇಲೆ ಹಾಕಿದರು. ನಮ್ಮ ಮನೆಯಲ್ಲಿ ಮಲ್ಲಯ್ಯ ಬರೀ ಕರೆದರೆ ಸಾಲದು. ಕ್ರೂಸರ್ ಗಾಡಿ ಗೊತ್ತುಮಾಡುವುದೂ, ಹಾಲಿನವನಿಗೆ ಬೇಡವೆನ್ನುವುದೂ, ಎಮ್ಮೆಗೆ ಮೇವು ಹಾಕುವವರನ್ನು ಹುಡುಕುವುದೂ ಅವನ ಪಾಲಿಗೇ ಬರುತ್ತದೆ.

ದಾರಿಯ ವಿಷಯದಲ್ಲಿ ಮನೆ ಒಡೆದು ಎರಡಾಯಿತು. ಸೇಡಂ, ಮಹಬೂಬನಗರ, ಅಚ್ಚಂಪೇಟೆ, ಮನ್ನನೂರು ಎಂದರು ಕಾಕಾ. ಯಾದಗಿರಿ, ರಾಯಚೂರು, ಕರ್ನೂಲು, ದೋರ್ನಾಲ ಎಂದರು ದೊಡ್ಡಪ್ಪ. ಇಬ್ಬರೂ ಮೊಬೈಲಿನ ನಕಾಶೆ ತೆರೆದು ಕಿಲೋಮೀಟರುಗಳ ಲೆಕ್ಕ ಹೇಳಿದ್ದೇ ಹೇಳಿದ್ದು. ಆದರೆ ಕಾಕಾನ ಬೀಗರು ಸೇಡಂನಲ್ಲಿದ್ದಾರೆ, ದೊಡ್ಡವ್ವನ ತಂಗಿ ರಾಯಚೂರಿನಲ್ಲಿದ್ದಾಳೆ. ನಮ್ಮಲ್ಲಿ ಹತ್ತಿರದ ದಾರಿ ಎಂದರೆ ಯಾರ ಸಂಬಂಧಿಕರ ಮನೆಯ ಮುಂದೆ ಹಾದು ಹೋಗುತ್ತದೆಯೋ ಆ ದಾರಿ. ಈ ಗದ್ದಲದ ನಡುವೆ ಚಾಲಕ ಮಾತ್ರ ಒಂದೇ ಮಾತು ಹೇಳುತ್ತಿದ್ದ: "ಅಲ್ಲಿ ಹುಲಿ ಕಾಡು. ರಾತ್ರಿ ಒಂಬತ್ತಕ್ಕೆ ಗೇಟು ಹಾಕಿದರೆ ಬೆಳಿಗ್ಗೆ ಆರಕ್ಕೇ ತೆಗೆಯುವುದು." ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. "ಹೆಣ್ಣಿನ ಕಡೆಯವರೆಂದು ಹೇಳಿದರೆ ಬಿಡುತ್ತಾರೆ" ಎಂದಳು ದೊಡ್ಡವ್ವ.

ಹೋಗಿ ಮಾಡುವುದೇನು ಎಂಬ ಬಗ್ಗೆಯೂ ಒಮ್ಮತವಿರಲಿಲ್ಲ. ಪಾತಾಳಗಂಗೆಯ ಮೆಟ್ಟಿಲು ಇಳಿಯಲು ಮುತ್ಯಾನ ಮೊಣಕಾಲು ಒಪ್ಪುವುದಿಲ್ಲ, ರೋಪ್‌ವೇ ಹತ್ತಲು ಅವರ ಎದೆ ಒಪ್ಪುವುದಿಲ್ಲ. ಅದಕ್ಕೆ ಅವರು ಭೂಗೋಳದ ಆಸರೆ ಹಿಡಿದರು. ನಮ್ಮ ಭೀಮಾ ನದಿ ಕೃಷ್ಣೆಯನ್ನು ಸೇರುತ್ತದೆ, ಆ ಕೃಷ್ಣೆಯೇ ಶ್ರೀಶೈಲದ ಪಾತಾಳಗಂಗೆ. ಅಂದ ಮೇಲೆ ಗಾಣಗಾಪುರದ ಸಂಗಮದಲ್ಲಿ ಇಲ್ಲೇ ಒಂದು ಮುಳುಗು ಹಾಕಿದರೆ ಆ ನೀರು ತಾನಾಗಿಯೇ ಅಲ್ಲಿಗೆ ಹೋಗುತ್ತದಲ್ಲ? ತಪ್ಪು ಹುಡುಕಲು ದೊಡ್ಡಪ್ಪ ಬಹಳ ಹೊತ್ತು ಯತ್ನಿಸಿ ಸುಮ್ಮನಾದರು.

ಕಕ್ಕಿಗೆ ಬೇಕಾಗಿದ್ದು ಶಿಖರ ದರ್ಶನ. ಶಿಖರೇಶ್ವರದಲ್ಲಿ ನಂದಿಯ ಕೊಂಬುಗಳ ನಡುವಿನಿಂದ ಮಲ್ಲಯ್ಯನ ಗುಡಿಯ ಶಿಖರ ಕಂಡವರಿಗೆ ಪುನರ್ಜನ್ಮವಿಲ್ಲ ಎನ್ನುತ್ತಾರೆ. ಏಳೇಳು ಜನ್ಮಕ್ಕೂ ಇವರೇ ಗಂಡನಾಗಲಿ ಎಂದು ವರ್ಷ ವರ್ಷ ಬೇಡಿಕೊಳ್ಳುವ ಹೆಂಡತಿ ಹೀಗೆ ಒಮ್ಮೆಲೇ ಮರುಜನ್ಮವೇ ಬೇಡವೆನ್ನುವುದು ಏಕೆಂದು ಕಾಕಾ ಚಿಂತೆಗೆ ಬಿದ್ದರು. ಆಮೇಲೆ, ಸೊಸೈಟಿಯ ಸಾಲದ ಕಂತುಗಳು ಈ ಜನ್ಮಕ್ಕೇ ಮುಗಿಯುವಂತಿದ್ದರೆ ಒಳ್ಳೆಯದೇ ಎಂದು ತಾವೂ ಒಪ್ಪಿದರು. ದೊಡ್ಡಪ್ಪನ ಆಸೆ ಮಾತ್ರ ಸಣ್ಣದು: ಸಾಕ್ಷಿ ಗಣಪತಿ. ಕೈಯಲ್ಲಿ ಲೇಖನಿ ಪುಸ್ತಕ ಹಿಡಿದು, ಬಂದವರೆಲ್ಲರ ಲೆಕ್ಕ ಬರೆದುಕೊಂಡು ಶಿವನಿಗೆ ಸಾಕ್ಷಿ ಹೇಳುವ ಗಣಪ. ಜೀವನಪೂರ್ತಿ ಹಾಜರಿ ಕರೆದವರಿಗೆ ಒಮ್ಮೆಯಾದರೂ ತಮ್ಮ ಹಾಜರಿ ಹಾಕಿಸಿಕೊಳ್ಳುವ ಹಂಬಲ.

ಇನ್ನು ಸೀರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಅಂಗಡಿಯೊಂದರಲ್ಲಿ ದೊಡ್ಡವ್ವ, ಕಕ್ಕಿ, ನನ್ನ ಹೆಂಡತಿ ಮೂವರೂ ಗಾದಿಯ ಮೇಲೆ ಕುಳಿತರು. ಹಸಿರು ಬೇಕು, ಆದರೆ ಗಿಳಿ ಹಸಿರಲ್ಲ. ಇಳಕಲ್ ಬೇಕು, ಸೆರಗು ಕೆಂಪಿರಬೇಕು, ಅಂಚು ಅಗಲವಿರಬೇಕು. ದೊಡ್ಡವ್ವ ಸೀರೆಯ ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು, ಬೆಳಕಿಗೆ ಹಿಡಿದಳು, ತುದಿಯ ಒಂದು ಎಳೆಯನ್ನು ನಾಲಿಗೆಗೆ ತಾಗಿಸಿ ಬೆರಳಿನಿಂದ ಒರೆಸಿ ನೋಡಿದಳು. "ಒಗೆದರೆ ಬಣ್ಣ ಬಿಡುವುದಿಲ್ಲವಷ್ಟೇ?" ಎಂದಳು. "ದೇವಿಗೆ ಉಡಿಸುವುದನ್ನು ಒಗೆಯುವವರು ಯಾರಮ್ಮ?" ಎಂದ ಅಂಗಡಿಯವನು. ಅವನು ಆ ಮಾತು ಆಡಬಾರದಿತ್ತು. ಮೂವರೂ ಎದ್ದು ಪಕ್ಕದ ಅಂಗಡಿಗೆ ಹೋದರು, ಎಲ್ಲವೂ ಮೊದಲಿನಿಂದ ಶುರುವಾಯಿತು.

ಅಷ್ಟಾದ ಮೇಲೂ ಸೀರೆ ಸಿದ್ಧವಾಗಲಿಲ್ಲ. ಫಾಲ್ ಹಚ್ಚದೆ ಕೊಟ್ಟರೆ ನೆರಿಗೆ ಕೂರುವುದಿಲ್ಲ, ಮಗಳು ಏನೆಂದುಕೊಂಡಾಳು ಎಂದು ದೊಡ್ಡವ್ವ ಅದನ್ನು ನಮ್ಮ ಓಣಿಯ ದರ್ಜಿಗೆ ಕೊಟ್ಟಳು. ಹೊರಡುವ ಹಿಂದಿನ ದಿನ ಹೋಗಿ ನೋಡಿದರೆ ಅಂಗಡಿಗೆ ಬೀಗ. ದರ್ಜಿ ಕಂಬಿ ಹೊತ್ತವರ ಜೊತೆ ನಡೆದುಕೊಂಡು ಶ್ರೀಶೈಲಕ್ಕೇ ಹೋಗಿದ್ದ. ಹಬ್ಬ ಮುಗಿದರೂ ಮರಳಿರಲಿಲ್ಲ. ಫೋನ್ ಮಾಡಿದರೆ ಹಿಂದೆ ಗಂಟೆಯ ಸದ್ದು, ಜನರ ಜಯಕಾರ. "ಚಿಂತೆ ಮಾಡಬೇಡಿ ಅವ್ವಾರೇ, ನಿಮ್ಮ ಸೀರೆ ಬರುತ್ತಿದೆ ಎಂದು ತಾಯಿಗೆ ಹೇಳಿದ್ದೇನೆ. ಒಂದು ಗೇಣು ಹೊಲಿಗೆ ಮಾತ್ರ ಉಳಿದಿದೆ" ಎಂದ. ಕೀಲಿಕೈ ಆಳಂದದಲ್ಲಿರುವ ಅವನ ಭಾವಮೈದುನನ ಬಳಿ ಇತ್ತು. ಬೇರೆ ಸೀರೆ ಕೊಳ್ಳೋಣ ಎಂದ ಕಾಕಾನನ್ನು ದೊಡ್ಡವ್ವ ನೋಡಿದ ನೋಟವನ್ನು ನಾನು ವರ್ಣಿಸಲಾರೆ.

ಬೆಳಗಿನ ನಾಲ್ಕಕ್ಕೆ ಹೊರಡಬೇಕಾದವರು, ಆಳಂದದಿಂದ ಕೀಲಿಕೈ ಬಂದು, ಸೀರೆ ಹೊರಬಂದು, ಉಳಿದ ಒಂದು ಗೇಣನ್ನು ಕಕ್ಕಿ ಕೈಯಲ್ಲೇ ಹೊಲಿದು ಮುಗಿಸಿದ ಮೇಲೆ ಮಧ್ಯಾಹ್ನ ಹೊರಟೆವು. ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಎಣ್ಣೆಗಾಯಿ ಎಲ್ಲ ಹತ್ತಿದವು. ಮುಂದಿನ ಸೀಟಿಗೆ ನಮ್ಮಲ್ಲಿ ಇರುವ ಏಕೈಕ ಅರ್ಹತೆ ವಾಂತಿ. ಮನೆಯ ಅಂಗಳದಲ್ಲಿ ಗಟ್ಟಿಮುಟ್ಟಾಗಿದ್ದವರೆಲ್ಲ ಕ್ರೂಸರಿನ ಬಾಗಿಲು ತೆರೆಯುತ್ತಲೇ ಹೊಟ್ಟೆ ತೊಳೆಸುತ್ತದೆ ಎಂದರು. ಹಿರಿತನದ ಮೇಲೆ ಮುತ್ಯಾ ಗೆದ್ದರು. ಸೇಡಂನ ಬೀಗರ ಮನೆಯಲ್ಲಿ ಬರೀ ಚಹಾ ಎಂದು ಇಳಿದೆವು. ಚಹಾದ ಹಿಂದೆ ಸುಸಲಾ, ಅದರ ಹಿಂದೆ ಊಟ. ಒಲ್ಲೆವೆಂದರೆ ಬೀಗರು ಮುನಿಯುತ್ತಾರೆ, ಉಂಡರೆ ಗೇಟು ಮುಚ್ಚುತ್ತದೆ. ಬೀಗರೇ ಹತ್ತಿರದವರು.

ಮನ್ನನೂರು ತಲುಪಿದಾಗ ಗೇಟು ಬಿದ್ದು ಬಹಳ ಹೊತ್ತಾಗಿತ್ತು. ದೊಡ್ಡವ್ವ ಇಳಿದು ಕಾವಲಿನವನ ಬಳಿ ಹೋಗಿ, ನಾವು ಯಾರು, ಎಲ್ಲಿಗೆ, ಏಕೆ ಹೊರಟಿದ್ದೇವೆ ಎಂಬುದನ್ನೆಲ್ಲ ಕನ್ನಡದಲ್ಲಿ ವಿವರಿಸಿ, ಸೀರೆಯ ಪೊಟ್ಟಣವನ್ನೂ ಬಿಚ್ಚಿ ತೋರಿಸಿದಳು. ಆತ ಚಪ್ಪಲಿ ಕಳಚಿ, ಸೀರೆಯನ್ನು ಕಣ್ಣಿಗೆ ಒತ್ತಿಕೊಂಡು ನಮಸ್ಕರಿಸಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ತೆಲುಗಿನಲ್ಲಿ ಬೆಳಿಗ್ಗೆ ಆರು ಗಂಟೆಗೆ ಎಂದ.

ಸಾಲಿನಲ್ಲಿ ಕೆಎ 32, ಕೆಎ 33, ಕೆಎ 38 ಗಾಡಿಗಳು ನಿಂತಿದ್ದವು. ಎಲ್ಲದರಲ್ಲೂ ಹೆಣ್ಣಿನ ಕಡೆಯವರೇ. ರೊಟ್ಟಿಯ ಗಂಟುಗಳು ಬಿಚ್ಚಿದವು. ಬೀದರಿನವರ ಉಪ್ಪಿನಕಾಯಿ ಈ ಕಡೆಗೆ ಬಂತು, ನಮ್ಮ ಹಿಂಡಿ ಆ ಕಡೆಗೆ ಹೋಯಿತು. ರಾಯಚೂರಿನ ದಾರಿಯಲ್ಲಿ ಹೋಗಿದ್ದರೆ ಇಷ್ಟು ಹೊತ್ತಿಗೆ ಏನಾಗುತ್ತಿತ್ತು ಎಂದು ದೊಡ್ಡಪ್ಪ ಅಪರಿಚಿತರಿಗೆಲ್ಲ ತಿಳಿಸಿ ಹೇಳಿದರು. ಬೆಳಿಗ್ಗೆ ಗೇಟು ಎತ್ತಿದಾಗ ಗಾಡಿಗಳೆಲ್ಲ ಒಮ್ಮೆಲೇ ಗುರುಗುಟ್ಟಿ ಹೊರಟವು. ನಮ್ಮ ಚಾಲಕ ಹಾರನ್ ಒತ್ತಿದ್ದೇ ಒತ್ತಿದ್ದು. ಮುತ್ಯಾ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಇನ್ನೊಂದು ಅರ್ಧ ಕಪ್ಪು ಹೇಳಿದ್ದರು. ಅಷ್ಟರಲ್ಲಿ ಕಕ್ಕಿ ಮುಂದಿನ ಸೀಟಿನಲ್ಲಿ ಕುಳಿತು, ತಲೆ ಸುತ್ತುತ್ತಿದೆ ಎಂದು ಕಣ್ಣು ಮುಚ್ಚಿಕೊಂಡಾಗಿತ್ತು.