ಹರಳಿನ ರಚನೆ ಕಲಿಸುವವರು ಕೆಟ್ಟ ಡೇಟಾವನ್ನೂ ಕೈಗೆ ಕೊಡಲಿ

ಹರಳಿನ ಮೇಲೆ ಎಕ್ಸ್-ರೇ ಹಾಯಿಸಿ ಒಳಗಿನ ಅಣುವಿನ ರಚನೆ ಬಿಡಿಸುವ ಎಕ್ಸ್-ರೇ ಕ್ರಿಸ್ಟಲೋಗ್ರಫಿ ಕಾರ್ಯಾಗಾರಗಳಲ್ಲಿ ಅಭ್ಯಾಸಕ್ಕೆಂದು ಕೊಡುವ ಡೇಟಾ ಸಾಮಾನ್ಯವಾಗಿ ಬಲು ಅಚ್ಚುಕಟ್ಟಾಗಿರುತ್ತದೆ. ಪ್ರೋಗ್ರಾಂ ಓಡಿಸಿದ ಕೂಡಲೇ ಅಣು ಪರದೆಯ ಮೇಲೆ ಬರುತ್ತದೆ, ಆರ್ ಮೌಲ್ಯ (ಮಾದರಿಗೂ ಅಳತೆಗೂ ಇರುವ ಅಂತರ) ಶೇ 3–4ಕ್ಕೆ ಇಳಿಯುತ್ತದೆ, ಎಲ್ಲರಿಗೂ ಖುಷಿ. ಅದೇ ವಿದ್ಯಾರ್ಥಿ ಮುಂದೆ ತಾನೇ ಬೆಳೆಸಿದ ಹರಳನ್ನು ಯಂತ್ರಕ್ಕೆ ಏರಿಸಿದಾಗ ಏನು ಮಾಡಬೇಕೆಂದು ತೋಚುವುದಿಲ್ಲ. ರಚನೆ ಎಲ್ಲೆಲ್ಲಿ ತಪ್ಪುತ್ತದೆ ಎಂಬುದನ್ನು ತೋರಿಸದ ತರಬೇತಿ ಅರ್ಧ ತರಬೇತಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಕಲಿಕೆ ಶುರುವಾಗಬೇಕಾದದ್ದು ಕಂಪ್ಯೂಟರಿನ ಮುಂದೆ ಅಲ್ಲ, ಪೋಲರೈಸಿಂಗ್ ಮೈಕ್ರೋಸ್ಕೋಪಿನ ಮುಂದೆ. 0.1ರಿಂದ 0.3 ಮಿಲಿಮೀಟರಿನ ಹರಳನ್ನು ಆರಿಸಿ, ಅಡ್ಡ ಪೋಲರೈಸರುಗಳ ನಡುವೆ ತಿರುಗಿಸಿ ನೋಡಬೇಕು. ಒಳ್ಳೆಯ ಒಂಟಿ ಹರಳು ಪ್ರತಿ 90 ಡಿಗ್ರಿಗೊಮ್ಮೆ ಇಡಿಯಾಗಿ ಕಪ್ಪಾಗುತ್ತದೆ. ಒಂದು ಭಾಗ ಕಪ್ಪಾಗಿ ಇನ್ನೊಂದು ಹೊಳೆಯುತ್ತಿದ್ದರೆ ಎರಡು ಹರಳು ಅಂಟಿಕೊಂಡಿವೆ, ಇಲ್ಲವೇ ಅದು ಟ್ವಿನ್, ಅಂದರೆ ಬೇರೆ ಬೇರೆ ದಿಕ್ಕಿನ ಭಾಗಗಳು ನಿಯಮಬದ್ಧವಾಗಿ ಕೂಡಿ ಬೆಳೆದ ಹರಳು. (ಕ್ಯೂಬಿಕ್ ಹರಳು ಯಾವಾಗಲೂ ಕಪ್ಪಾಗಿಯೇ ಇರುತ್ತದೆ, ಗಾಬರಿ ಬೇಡ.) ಹರಳುಗಳನ್ನು ಸೋಸಿ ಒಣಗಿಸಿ ತರುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಬೇಕು. ಒಳಗಿನ ದ್ರಾವಕ ಹಾರಿಹೋದರೆ ಎಷ್ಟೋ ಹರಳುಗಳು ನೋಡನೋಡುತ್ತಲೇ ಬೆಳ್ಳಗಾಗಿ ಪುಡಿಯಾಗುತ್ತವೆ. ಅವು ಬೆಳೆದ ತಾಯಿದ್ರಾವಣದಲ್ಲೇ ತಂದು, ನೇರ ಎಣ್ಣೆಯ ಹನಿಗೆ ಹಾಕಿ, ಸಣ್ಣ ಕುಣಿಕೆಯಂಥ ಲೂಪಿನಲ್ಲಿ ಎತ್ತಿ, 100 ಕೆಲ್ವಿನ್ ನೈಟ್ರೋಜನ್ ಧಾರೆಗೆ ಹಿಡಿಯಬೇಕು.

ಮೊದಲ ಕೆಲವು ಫ್ರೇಮುಗಳನ್ನು (ಹರಳು ಚದುರಿಸಿದ ಎಕ್ಸ್-ರೇ ಚುಕ್ಕೆಗಳ ಚಿತ್ರಗಳನ್ನು) ಕಣ್ಣಾರೆ ನೋಡುವುದನ್ನು ಯಾವ ಸಾಫ್ಟ್‌ವೇರೂ ತಪ್ಪಿಸಬಾರದು. ಚುಕ್ಕೆಗಳು ಸೀಳಿವೆಯೇ, ಬಾಲ ಬೆಳೆಸಿವೆಯೇ? ಹರಳಿನಲ್ಲಿ ಮರುಕಳಿಸುವ ಮೂಲ ಘಟಕವಾದ ಯೂನಿಟ್ ಸೆಲ್‌ಗೆ ಹೊಂದದೆ ಉಳಿದ ಚುಕ್ಕೆಗಳನ್ನು ಪ್ರೋಗ್ರಾಂ ಸದ್ದಿಲ್ಲದೆ ಬದಿಗೆ ತಳ್ಳುತ್ತದೆ. ಟ್ವಿನ್‌ನ ಸುಳಿವು ಇರುವುದು ಅಲ್ಲೇ. ಡೇಟಾದ ಸೂಕ್ಷ್ಮತೆ (ರೆಸಲ್ಯೂಶನ್) ಕನಿಷ್ಠ 0.84 ಆಂಗ್‌ಸ್ಟ್ರಾಂವರೆಗಾದರೂ ಬರಬೇಕು. ಅಂದರೆ ಥೀಟಾ ಕೋನ ಮೊಲಿಬ್ಡಿನಂ ಕಿರಣಕ್ಕೆ ಸುಮಾರು 25 ಡಿಗ್ರಿ, ತಾಮ್ರದ ಕಿರಣಕ್ಕೆ ಸುಮಾರು 67.

ಹೆಚ್ಚು ಸಮಯ ಕೊಡಬೇಕಾದದ್ದು ಸ್ಪೇಸ್ ಗ್ರೂಪಿಗೆ, ಅಂದರೆ ಹರಳಿನೊಳಗಿನ ಸಮ್ಮಿತಿಯ ವರ್ಗಕ್ಕೆ. ಮಾದರಿಯಲ್ಲಿ ಪರಮಾಣು ಒಂದಕ್ಕೆ ಹೊಂದಿಸಬೇಕಾದದ್ದು 9 ಪ್ಯಾರಾಮೀಟರು: ಸ್ಥಾನಕ್ಕೆ 3, ಕಂಪನಕ್ಕೆ 6. ಹೈಡ್ರೋಜನ್ ಬಿಟ್ಟು 30 ಪರಮಾಣುಗಳಿದ್ದರೆ 270. ಸಮ್ಮಿತಿ ಕೇಂದ್ರ ಇರುವ ರಚನೆಯನ್ನು ಅದಿಲ್ಲದ ಪಿ1 ಗ್ರೂಪಿನಲ್ಲಿ ಬಿಡಿಸಿದರೆ ಈ ಸಂಖ್ಯೆ ಇಮ್ಮಡಿಯಾಗಿ ಆರ್ ಮೌಲ್ಯ ಇನ್ನಷ್ಟು ಇಳಿಯುತ್ತದೆ. ವಿದ್ಯಾರ್ಥಿ ಗೆದ್ದೆ ಅಂದುಕೊಳ್ಳುತ್ತಾನೆ. ಆದರೆ ಬೆಂಜೀನ್ ಉಂಗುರ ನೋಡಿ: 1.39 ಆಂಗ್‌ಸ್ಟ್ರಾಂ ಇರಬೇಕಾದ ಬಂಧಗಳಲ್ಲಿ ಒಂದು 1.32, ಪಕ್ಕದ್ದು 1.46. ಅಮೆರಿಕದ ಕ್ಯಾಲ್ಟೆಕ್‌ನ ರಿಚರ್ಡ್ ಮಾರ್ಷ್ ಹೀಗೆ ಕಡಿಮೆ ಸಮ್ಮಿತಿಯಲ್ಲಿ ಪ್ರಕಟವಾದ ರಚನೆಗಳನ್ನು ಹುಡುಕಿ ತಿದ್ದುವುದಕ್ಕೆ ವರ್ಷಗಟ್ಟಲೆ ದುಡಿದರು. ಅಂಥ ಒಂದು ಡೇಟಾ ಸೆಟ್ ಕೊಟ್ಟು, ಎರಡೂ ಗ್ರೂಪಿನಲ್ಲಿ ರಿಫೈನ್ ಮಾಡಿಸಿ (ಮಾದರಿಯನ್ನು ಡೇಟಾಗೆ ಹೊಂದಿಸಿ), ಬಂಧಗಳ ಉದ್ದವನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು, ಜನ್ಮದಲ್ಲಿ ಮರೆಯುವುದಿಲ್ಲ. ಜೊತೆಗೆ ಇ-ವರ್ಗ (ಚುಕ್ಕೆಯ ತೀವ್ರತೆಯನ್ನು ಸರಾಸರಿಗೆ ಹೋಲಿಸಿದ ಮೌಲ್ಯ) ಮೈನಸ್ 1ರ ನಿರಪೇಕ್ಷ ಮೌಲ್ಯದ ಸರಾಸರಿಯನ್ನೂ ಓದಿಸಿ: ಕೇಂದ್ರವಿದ್ದರೆ 0.968ರ ಸುತ್ತ, ಇಲ್ಲದಿದ್ದರೆ 0.736ರ ಸುತ್ತ, ಅದಕ್ಕಿಂತ ತೀರಾ ಕೆಳಗಿದ್ದರೆ ಟ್ವಿನ್ ಅನುಮಾನ. ಭಾರದ ಪರಮಾಣುಗಳಿದ್ದಾಗ ಈ ಲೆಕ್ಕ ದಾರಿ ತಪ್ಪಿಸಬಹುದು, ಅದನ್ನೂ ಹೇಳಿ.

ಇನ್ನು ಪರಮಾಣು ಗುರುತಿಸುವ ಮಾತು. ನೈಟ್ರೋಜನ್ ಇರುವಲ್ಲಿ ಆಕ್ಸಿಜನ್ ಎಂದು ಬರೆದರೆ ಅದರ ಕಂಪನ ತೋರಿಸುವ ಮೊಟ್ಟೆಯಾಕಾರದ ಎಲಿಪ್ಸಾಯ್ಡ್ ನೆರೆಯವರಿಗಿಂತ ಉಬ್ಬುತ್ತದೆ. ಉಲ್ಟಾ ಮಾಡಿದರೆ ಕುಗ್ಗುತ್ತದೆ. ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್‌ಗಳಲ್ಲಿ ಇದು ಕಷ್ಟ. ಒಂದಕ್ಕೊಂದು ಒಂದೇ ಎಲೆಕ್ಟ್ರಾನಿನ ವ್ಯತ್ಯಾಸ, ಆರ್ ಮೌಲ್ಯ ಅಲುಗಾಡುವುದೇ ಇಲ್ಲ. 2010ರಲ್ಲಿ ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಇ ಪತ್ರಿಕೆ ಕನಿಷ್ಠ 70 ನಕಲಿ ರಚನೆಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ನಿಜವಾದ ಒಂದು ಡೇಟಾದಲ್ಲಿ ಲೋಹವನ್ನೋ ಪರಮಾಣುಗಳ ಗುಂಪನ್ನೋ ಬದಲಿಸಿ ಲೇಖಕರು 'ಹೊಸ' ಸಂಯುಕ್ತಗಳನ್ನು ಹುಟ್ಟಿಸಿದ್ದರು. ಈ ಪ್ರಕರಣವನ್ನು ನೀತಿಪಾಠವಾಗಿ ಹೇಳಿ ಮುಗಿಸದೆ ಪ್ರಯೋಗವಾಗಿ ಕಲಿಸಬೇಕು: ವಿದ್ಯಾರ್ಥಿಯೇ ಲೋಹ ಬದಲಿಸಲಿ, ಬಂಧದ ಉದ್ದ ಮತ್ತು ಕಂಪನದ ಮೌಲ್ಯಗಳಲ್ಲಿ ಗುಟ್ಟು ಎಲ್ಲಿ ರಟ್ಟಾಗುತ್ತದೆಂದು ಹುಡುಕಲಿ.

ಚೆಕ್‌ಸಿಫ್‌ನ ಎ ಅಲರ್ಟ್ (ರಚನೆ ಪರೀಕ್ಷಿಸುವ ಈ ಪ್ರೋಗ್ರಾಂ ಕೊಡುವ ಅತಿ ಗಂಭೀರ ಎಚ್ಚರಿಕೆ) ಬಂದರೆ ಅದನ್ನು ಅಳಿಸುವ ಉಪಾಯವನ್ನಷ್ಟೇ ಕಲಿಸುವವರಿದ್ದಾರೆ. ಇದು ನನಗೆ ತೀರಾ ನೋವಿನ ಸಂಗತಿ. ಹರಳಿನೊಳಗಿನ ಅಸ್ತವ್ಯಸ್ತ ದ್ರಾವಕವನ್ನು ಅದಕ್ಕೆಂದೇ ಇರುವ ಪ್ರೋಗ್ರಾಂ ಸ್ಕ್ವೀಜ್‌ನಿಂದ ತೆಗೆದುಹಾಕಿದರೆ ಎಷ್ಟು ಎಲೆಕ್ಟ್ರಾನ್ ಹೋಯಿತೆಂದು ಲೆಕ್ಕ ಕೇಳಬೇಕು. ಒಂದು ಡೈಕ್ಲೋರೋಮೀಥೇನ್ ಅಣುವಿಗೆ 42, ಟಾಲ್ವೀನಿಗೆ 50, ಮೆಥನಾಲಿಗೆ 18. ಹರಳು ಬೆಳೆಸಿದ ದ್ರಾವಕಕ್ಕೆ ಆ ಸಂಖ್ಯೆ ತಾಳೆಯಾಗದಿದ್ದರೆ ಮತ್ತೆ ಮೊದಲಿಂದ ನೋಡಬೇಕು.

ಬೆಂಗಳೂರಿಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯಿದೆ. ಐಐಎಸ್‌ಸಿಯಲ್ಲಿ ಕಲಿತ ಎಂ. ವಿಜಯನ್, ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಕಿನ್ ಅವರ ತಂಡದಲ್ಲಿದ್ದು 1969ರಲ್ಲಿ ಇನ್ಸುಲಿನ್ ರಚನೆ ಬಿಡಿಸುವುದರಲ್ಲಿ ಪಾಲ್ಗೊಂಡರು. ಮರಳಿ ಬಂದು ಇಲ್ಲೇ ಪ್ರೋಟೀನ್ ಕ್ರಿಸ್ಟಲೋಗ್ರಫಿಯ ಒಂದು ಪೀಳಿಗೆಯನ್ನೇ ಬೆಳೆಸಿದರು. ಈ ಅಳತೆಯ ಯಂತ್ರವಾದ ಡಿಫ್ರ್ಯಾಕ್ಟೋಮೀಟರ್ ಇರುವ ಪ್ರತಿ ವಿಭಾಗವೂ ಸೀಳಿದ ಚುಕ್ಕೆಗಳ, ಟ್ವಿನ್‌ಗಳ, ಬಗೆಹರಿಯದ ರಚನೆಗಳ ಮೂಲ ಫ್ರೇಮುಗಳನ್ನು ಅಳಿಸದೆ ಒಂದು ಹಾರ್ಡ್ ಡಿಸ್ಕಿನಲ್ಲಿ ಕೂಡಿಡಲಿ. ಯಾವ ದ್ರಾವಕ, ಎಷ್ಟು ತಾಪ, ಏನು ಕೆಟ್ಟಿತು ಎಂಬ ಎರಡು ಸಾಲು ಜೊತೆಗಿರಲಿ. ಮುಂದಿನ ಕಾರ್ಯಾಗಾರದ ಎರಡನೇ ದಿನ ಅದನ್ನೇ ಹಂಚಿ.